ಕಣ್ಣಿಗೆ ಬಿದ್ದ ಹೂ

ರೋಲ್ಲಾದ ಟೈಪಿಂಗ್ ಸೆಂಟರಿನಲ್ಲಿ ನನ್ನ ಚೀಟಿ ಹದಿನೇಳು.
ಕೊಟ್ಟಕ್ಕಲಿನ ಮೊಯ್ದೀನ್‌ಕುಟ್ಟಿ
ಬಲದಿಂದ ಎಡಕ್ಕೆ ನನ್ನ ದೂರು ಹೊಡೆಯುತ್ತಾನೆ.
ಹೆಸರು?
ಜಲಜಾಕ್ಷಿ.
ಅಪ್ಪನ ಹೆಸರು?
ಕೊರಗಪ್ಪ.
ಅರಬಿಯಲ್ಲಿ ಪ ಇಲ್ಲವಂತೆ, ಗ ಕೂಡ ಇಲ್ಲವಂತೆ.
ಮಲ್ಪೆ ಬಂದರಿನಲ್ಲಿ ಇಪ್ಪತ್ತು ವರ್ಷ ಮಂಜುಗಡ್ಡೆ ಹೊತ್ತ ಅಪ್ಪ
ಒಂದು ಗಳಿಗೆಯಲ್ಲಿ ಕೊರಕಬ್ಬ ಆದ.
ನಿನ್ನ ಹೆಸರಿಗೆ ಅರ್ಥ ಉಂಟಾ, ಕೇಳಿದ ಕುಟ್ಟಿ.
ಇಲ್ಲ, ಎಂದೆ. ಬರೆಯಿರಿ.

ಬರೆಯಿರಿ: ಅತ್ತರಿನ ಅಂಗಡಿಯಲ್ಲಿ ಕೆಲಸ, ಆರು ವರ್ಷ.
ಕನ್ನಡಕದ ಹುಡುಗಿ ಊದಿನ ಬಾಟಲಿ ಹಿಡಿದರೆ
ಗಿರಾಕಿಗೆ ಔಷಧಿ ಅಂಗಡಿ ನೆನಪಾಗುತ್ತದೆ ಎಂದ ಮ್ಯಾನೇಜರ್.
ಇದು ಬೇಡ, ಅಳಿಸಿ. ಅವನ ಮೇಲಲ್ಲ ದೂರು.

ಬರೆಯಿರಿ: ಕ್ಲಿನಿಕ್ಕಿನಲ್ಲಿ ಅಳತೆ ತೆಗೆದದ್ದು ನಾಲ್ಕು ನಿಮಿಷ.
ಲೆನ್ಸ್ ತೊಟ್ಟ ಹದಿಮೂರನೆಯ ದಿನ
ಎಡಗಣ್ಣಲ್ಲಿ ಮರಳು ಹೊಕ್ಕ ಹಾಗೆ.
ಮರಳಿನ ಊರಲ್ಲವಾ, ಯಾರ ಕಣ್ಣಿಗೆ ಹೋಗುವುದಿಲ್ಲ,
ನಕ್ಕರು ಡಾಕ್ಟರು.
ದೀಪ ಹಚ್ಚಲಿಲ್ಲ, ರೆಪ್ಪೆ ಎತ್ತಲಿಲ್ಲ,
ಮೊಬೈಲು ನೋಡುತ್ತಲೇ ಹನಿ ಮದ್ದು ಬರೆದುಕೊಟ್ಟರು.
ನೋವು ಅವತ್ತೇ ತಗ್ಗಿತು. ಅದೇ ಮೋಸ.
ಒಳಗೆ ತಿನ್ನುವುದು ಸದ್ದಿಲ್ಲದೆ ತಿನ್ನುತ್ತಿತ್ತು.
ಮೂರು ಸಲ ಹೋದೆ, ಮೂರು ರಶೀದಿ ಉಂಟು.
ಒಂದರ ಮೇಲೆ ಚಹಾ ಚೆಲ್ಲಿದೆ. ತೊಂದರೆಯಾ?

ಈಗ ಹೇಗುಂಟು?
ಈಗ ಹೂ ಬಿದ್ದಿದೆ, ಎಂದೆ ಮುರುಕು ಹಿಂದಿಯಲ್ಲಿ.
ಕುಟ್ಟಿಯ ಬೆರಳು ನಿಂತಿತು.
ಹೂವಾ? ಎಂಥ ಹೂ?

ನಮ್ಮಲ್ಲಿ ಹಾಗೇ ಹೇಳುವುದು.
ಕಪ್ಪಿನ ನಡುವೆ ಬಿಳಿ ಕಟ್ಟಿದರೆ ಕಣ್ಣಿಗೆ ಹೂ ಬಿತ್ತು ಅಂತ.
ಅಜ್ಜಿ ನಂದಿಬಟ್ಟಲಿನ ಎಸಳು ನೆನೆಸಿ
ಆ ನೀರನ್ನು ಕಣ್ಣಿಗೆ ಬಿಡುತ್ತಿದ್ದಳು, ಹೂವಿಗೆ ಹೂವೇ ಮದ್ದು ಎಂದು.
ಯಾರಿಗೂ ವಾಸಿಯಾದದ್ದು ನಾನು ಕಂಡಿಲ್ಲ.
ಅವಳ ಮೇಲೆ ಯಾರೂ ದೂರು ಕೊಡಲಿಲ್ಲ.
ಮದ್ದು ಬಿಡುವ ಮೊದಲು ಗಲ್ಲ ಹಿಡಿದು
ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸುತ್ತಿದ್ದಳು.

ಹೂ ಅಂತ ಬರೆದರೆ ಸಮಿತಿಯವರು ನಗುತ್ತಾರೆ,
ಎಂದ ಕುಟ್ಟಿ, ಉದ್ದದ ಒಂದು ಪದ ಹೊಡೆದ.
ಪುಟಕ್ಕೆ ಮೂವತ್ತೈದು ದಿರಹಂ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ಆ ಗಾದೆಯನ್ನು ನಾನೀಗ ಕನ್ನಡಿಯಲ್ಲಿ ನೋಡುತ್ತೇನೆ.

ಎಂಟು ತಿಂಗಳಾದ ಮೇಲೆ ಕರೆದರು.
ಉದ್ದ ಮೇಜು, ಖರ್ಜೂರದ ತಟ್ಟೆ, ಸೀಲು ಒಡೆಯದ ನೀರು.
ಕ್ಲಿನಿಕ್ಕಿನ ವಕೀಲ ಕೇಳಿದ್ದು ಒಂದೇ:
ಲೆನ್ಸ್ ತೆಗೆಯದೆ ಮಲಗಿದ್ದುಂಟೇ?

ಇಲ್ಲ ಅನ್ನು, ಎಂದಿದ್ದಳು ರೂಮಿನ ಸೆವ್ರಿನಾ,
ನೋಡಿದವರು ಯಾರಿದ್ದಾರೆ?
ನೋಡಿದವಳು ಅವಳೇ.
ರಂಜಾನಿನ ಕೊನೆಯ ವಾರ, ರಾತ್ರಿ ಎರಡರವರೆಗೆ ಅಂಗಡಿ,
ಯೂನಿಫಾರ್ಮಿನಲ್ಲೇ ಬಿದ್ದುಕೊಂಡವಳ
ಬೂಟು ಬಿಚ್ಚಿ ಹೊದಿಸಿದ್ದೂ ಅವಳೇ.

ಹೌದು, ಎಂದೆ. ಒಂದು ರಾತ್ರಿ.
ವಕೀಲ ಪೆನ್ನಿಗೆ ಮುಚ್ಚಳ ಹಾಕಿದ.

ಆಗ ಮೇಜಿನ ತುದಿಯಿಂದ ಎದ್ದರು
ಸುಡಾನಿನ ಕಣ್ಣಿನ ಡಾಕ್ಟರು, ತಲೆಗೂದಲು ಪೂರ್ತಿ ಬಿಳಿ.
ಬಾ, ಎಂದು ಪಕ್ಕದ ಕೋಣೆಗೆ ಕರೆದರು.
ಯಂತ್ರದ ಮೇಲೆ ನನ್ನ ಗಲ್ಲ ಇಡಿಸಿ ದೀಪ ಹಚ್ಚಿದರು.
ಬಹಳ ಹೊತ್ತು ನೋಡಿದರು.
ಅವರ ಉಸಿರಿನಲ್ಲಿ ಏಲಕ್ಕಿ ಇತ್ತು.
ನುಕ್ತಾ, ಎಂದರು ತಮ್ಮಷ್ಟಕ್ಕೆ.
ಚುಕ್ಕಿ ಅಂತ, ಎಂದ ದುಭಾಷಿ, ಅವನು ಪುತ್ತೂರಿನವನು.
ಒಂದು ರಾತ್ರಿಗೆ ಇಷ್ಟಾಗುವುದಿಲ್ಲ ಎಂದರೋ,
ಒಂದು ರಾತ್ರಿ ಸಾಕು ಎಂದರೋ,
ಅದನ್ನು ಅವನು ಹೇಳಲಿಲ್ಲ, ವರದಿಯಲ್ಲಿ ಬರುತ್ತದಂತೆ.

ವರದಿ ಬಂದಿಲ್ಲ.
ಲೆನ್ಸಿನ ಡಬ್ಬಿ ಇಟ್ಟುಕೊಂಡಿದ್ದೇನೆ, ಸಾಕ್ಷಿಗೆ.
ಬಲದ ಗುಳಿ ಖಾಲಿ. ಎಡದ್ದರಲ್ಲಿ ಅದು ಒಣಗಿ
ಬೂತಾಯಿಯ ಹುರುಪೆಯ ಹಾಗೆ ಅಂಟಿದೆ.
ಬೆಳಿಗ್ಗೆ ಚಹಾ ಹೊಯ್ಯುವಾಗ
ಲೋಟ ಕಾಣುವಲ್ಲಿ ಇರುವುದಿಲ್ಲ, ಎರಡು ಬೆರಳು ಆಚೆ.
ಅಂಚಿನೊಳಗೆ ಬೆರಳಿಟ್ಟು ಹೊಯ್ಯುತ್ತೇನೆ ಈಗ.
ಬಿಸಿ ತಾಗಿದರೆ
ಸಾಕು ಎಂದು ಲೆಕ್ಕ.