ಹಾಸ್ಯಕ್ಕೆ ದಾಖಲೆ

ಬಾಗಲಕೋಟೆ, ನವನಗರ, ಎರಡನೇ ಮಹಡಿ.
ಲಿಫ್ಟಿನ ಪಕ್ಕ ನನ್ನ ಕಿಂಡಿ.
ಮೇಲೆ ಬೋರ್ಡು: ವಿಮಾ ವಿಭಾಗ.
ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ್ದು: ಹರಕೆ ಕಟ್ಟೆ.
ನಾನು ಅಳಿಸಿಲ್ಲ.

ಗುಳೇದಗುಡ್ಡದ ಗುರಸಿದ್ದವ್ವ
ಶನಿವಾರ ನಸುಕಿನಲ್ಲಿ ಬಂದಳು, ಟಂಟಂನಲ್ಲಿ,
ಎದೆ ಹಿಡಿದುಕೊಂಡು. ಬೆರಳ ಸಂದಿಯಲ್ಲಿ ಇನ್ನೂ
ಖಣದ ಕೆಂಪು ಎಳೆಯೊಂದು.
ಡ್ಯೂಟಿ ಡಾಕ್ಟರು ಹೊಸಬ, ಕರಾವಳಿಯವನು,
ಪುಸ್ತಕದ ಕನ್ನಡದಲ್ಲಿ ಕೇಳಿದ:
"ಎದೆನೋವು ಯಾವಾಗಿನಿಂದ, ಅಮ್ಮಾ?"
ಇಸಿಜಿ ತಂತಿಗಳ ನಡುವೆ ಮಲಗಿದ್ದವಳು
ಬಾಗಿಲಲ್ಲಿ ನಿಂತವನ ಕಡೆ ಹುಬ್ಬು ಹಾರಿಸಿ ಅಂದಳು:
"ಈ ಮನಿಷ್ಯಾನ್ನ ಕಟ್ಟಿಕೊಂಡಾಗಿಂದ, ಯಪ್ಪಾ.
ಇಪ್ಪತ್ತೆರಡು ವರ್ಷ ಆತು."

ಸಿಸ್ಟರ್ ಎಸ್ತೇರ ನಕ್ಕಳು. ಆಯಾ ನಕ್ಕಳು.
ಮಳಿಯಪ್ಪ, ಅದೇ ಮನುಷ್ಯ, ಗೋಡೆ ನೋಡುತ್ತ ನಕ್ಕ.
ಡಾಕ್ಟರು ನಗಲಿಲ್ಲ, ಬರೆದುಕೊಂಡ:
ಎದೆನೋವು, ಇಪ್ಪತ್ತೆರಡು ವರ್ಷಗಳಿಂದ.

ಪಾಲಿಸಿಗೆ ವಯಸ್ಸು ಎರಡು.
ಸಂಜೆ ಐದಕ್ಕೆ ಮೇಲ್ ಬಂತು:
ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ.
ನಗದುರಹಿತ ಸೌಲಭ್ಯ ನಿರಾಕರಿಸಲಾಗಿದೆ.
ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುತ್ತೇವೆ.

ಆ ರಾತ್ರಿ ಕಾರಿಡಾರಿನ ಬೆಂಚಿಗೆ ಪಂಚಾಯ್ತಿ ಕೂಡಿತು.
ಪಾಲಿಸಿ ಮಾರಿದ ರುದ್ರಮುನಿ ಊರಿಂದ ಬುತ್ತಿ ತಂದಿದ್ದ.
"ಬರೇ ಕಂಪನಿ ತಪ್ಪಲ್ಲ ಕಾಕಾ. ಸುಳ್ಳು ಬಿಲ್ ಮಾಡೂ ದವಾಖಾನಿ ಎಷ್ಟದಾವ!
ಎಲ್ಲಾದಕ್ಕೂ ಹೂಂ ಅಂದ್ರ ನಾಳಿ ನಿಮ್ಮ ಕಂತೇ ಏರತೈತಿ."
"ಕಂತು ಅನ್ನೂದ ಯಾಕ ಬೇಕ್ರಿ?" ಅಂದರು
ಬೀಳಗಿಯ ದಸ್ತಗೀರಸಾಬರು, ಹಳೇ ಕಂಪೌಂಡರು,
"ಸರಕಾರಿ ದವಾಖಾನ್ಯಾಗ ಎರಡು ರೂಪಾಯಿ ಚೀಟಿ ಇತ್ತಲ್ಲ!"
"ಚೀಟಿ ಈಗೂ ಐತ್ರಿ, ಅಜ್ಜಾರ. ಮಷೀನು ಎರಡು, ಮಂದಿ ನಲವತ್ತು.
ನನ್ನ ತಮ್ಮನ ಕಿಡ್ನಿ ಯಾವ ಪಾಳ್ಯಾಗ ನಿಂದ್ರಬೇಕು?"
ಅದು ಡಯಾಲಿಸಿಸ್ ಹುಡುಗನ ಅಕ್ಕ.
ಕಾರ್ಡು? ಕಾರ್ಡಿನ ಪಟ್ಟಿಯೊಳಗ ಈ ದವಾಖಾನಿ ಇಲ್ಲ.
ಪಟ್ಟಿಯೊಳಗ ಇದ್ದದ್ದರಾಗ ಹಾಸಿಗಿ ಇಲ್ಲ.
ಮತ್ತ ಕಡ್ಡಿಪೆಟ್ಟಿಗಿಗೂ ಟ್ಯಾಕ್ಸ್ ಕಟ್ಟತೀವಲ್ಲ, ಅದೆಲ್ಲಿ ಹೋತು?
ದನಿ ಏರಿತು, ವಾಚ್‌ಮನ್ ಬಂದು ಶ್ ಅಂದ,
ಅಂದು ತಾನೂ ಕೂತ.

ಬಹಳ ಹೊತ್ತಿನ ಮೇಲೆ ಮಳಿಯಪ್ಪ,
ಯಾರನ್ನೂ ನೋಡದೆ:
"ನಾಲ್ಕ ಮಂದಿ ರೊಕ್ಕ ಒಂದಕಡೆ ಕೂಡಿಸೂದು ಅಂದ್ರ
ನಮ್ಮ ಭಿಶಿ ಇದ್ದಂಗ ಅಲ್ಲೇನು?
ಭಿಶಿಯೊಳಗ ಚೀಟಿ ಎತ್ತೂಮುಂದ ಎಲ್ಲಾರೂ ಕುಂತಿರ್ತೀವಿ,
ಒಬ್ಬರ ಮಾರಿ ಒಬ್ಬರಿಗೆ ಕಾಣತಿರತೈತಿ.
ಇಲ್ಲಿ ಎತ್ತಾವರು ಎಲ್ಲಿ ಕುಂತಾರ?"

ರುದ್ರಮುನಿ ಬುತ್ತಿಯ ಮುಚ್ಚಳ ತಿರುಗಿಸಿದ.
ಎಲ್ಲರೂ ನನ್ನ ಕಡೆ ನೋಡಿದರು.
ನಾನು ಪ್ರಿಂಟರಿಗೆ ಹಾಳೆ ತುಂಬಿದೆ.

ಬೆಳಿಗ್ಗೆ ಡಾಕ್ಟರು ತಾನೇ ಬಂದ, ನಿದ್ದೆಗೆಟ್ಟ ಮುಖ.
ಲೆಟರ್‌ಹೆಡ್ಡಿನಲ್ಲಿ ಬರೆದ:
ರೋಗಿಯ ಮಾತು ಹಾಸ್ಯವಾಗಿತ್ತು.
ನೋವು ಶುರುವಾದದ್ದು ಅಂದು ನಸುಕಿನ ನಾಲ್ಕಕ್ಕೆ.
ಸಹಿ. ಶಿಕ್ಕಾ. ಕಳಿಸಿದೆ.
ಮಧ್ಯಾಹ್ನ ಉತ್ತರ:
ಸದರಿ ಹೇಳಿಕೆಯು ಹಾಸ್ಯವೆಂಬುದಕ್ಕೆ
ಪೂರಕ ದಾಖಲೆ ಲಗತ್ತಿಸುವುದು.

ಹದಿನಾಲ್ಕು ವರ್ಷದಲ್ಲಿ ಏನೇನೋ ಲಗತ್ತಿಸಿದ್ದೇನೆ.
ಸ್ಟೆಂಟಿನ ಸ್ಟಿಕರು, ಸುಟ್ಟ ಕೈಯ ಫೋಟೊ,
ಸತ್ತವರ ಆಧಾರ್, ಎರಡೂ ಬದಿ.
ನಗೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ
ಹೇಗೆ ಬೋರಲು ಹಾಕಲಿ?
ಮದುವೆ ಫೋಟೊ ಇದ್ದರೆ ತನ್ನಿ ಅಂದೆ, ಬೇರೆ ತೋಚದೆ.
ಮಳಿಯಪ್ಪ ತಂದ. ಅದರಲ್ಲಿ
ಇಬ್ಬರೂ ನಕ್ಕಿಲ್ಲ.

ಬಿಲ್ಲು ಅವನೇ ಕಟ್ಟಿದ.
ಹೇಗೆಂದು ನಾನು ಕೇಳಲಿಲ್ಲ,
ನನ್ನ ಫಾರಮಿನಲ್ಲಿ ಆ ಕಾಲಂ ಇಲ್ಲ.
ಕಡತ ಇವತ್ತಿಗೂ ಹಳದಿ ಬಣ್ಣದಲ್ಲಿದೆ: ವಿವರಣೆ ಬಾಕಿ.

ಡಿಸ್ಚಾರ್ಜಿನ ದಿನ ಡಾಕ್ಟರು ಮಂಚದ ಹತ್ತಿರ ಬಗ್ಗಿದ:
"ಈಗ ನೋವು ಹ್ಯಾಂಗೈತಿ, ಯವ್ವಾ?"
ಮಾತು ಕಲಿತಿದ್ದ ಅಷ್ಟರಲ್ಲಿ.
ಗುರಸಿದ್ದವ್ವ ಮೊದಲು ಅವನ ಪೆನ್ನು ನೋಡಿದಳು,
ಆಮೇಲೆ ಅವನನ್ನು.
"ಬರಕೊಳ್ಳೂದಿದ್ರ, ಇಲ್ಲ.
ಸುಮ್ಮನ ಕೇಳೂದಿದ್ರ
ಕುಂದ್ರು, ಹೇಳತೀನಿ."