ಕೊನೆಯ ಉಕಾರ

ನ್ಯೂ ಮಾಲ್ಡನ್, ಚರ್ಚಿನ ಹಿಂಬದಿಯ ಕೋಣೆ.
ಹೀಟರು ಕೆಟ್ಟ ಗುರುವಾರ
ಒಕ್‌ಬುನ್ ಎದ್ದು ನಿಂತು ಓದಿದರು:
‘ಬಸ್ಸು ಇಜು ಲೇಟು.’

ಬಸ್, ಅಂದೆ. ಲೇಟ್.
ಅರವತ್ತೆಂಟರ ಅಜ್ಜಿ ತುಟಿ ಬಿಗಿದರು. ಆದರೂ
ಬಾಗಿಲು ಹಾಕುವಷ್ಟರಲ್ಲಿ ಬೆಕ್ಕು ನುಸುಳಿದ ಹಾಗೆ
ಕೊನೆಗೊಂದು ಉ.

ನಾನೂ ಕಾರು, ಟ್ರೈನು, ಬ್ರೆಡ್ಡು ಎಂದವಳೇ;
ಈ ದೇಶಕ್ಕೆ ಬಂದ ವರ್ಷ
ಕನ್ನಡಿಯೆದುರು ನಿಂತು
ಒಂದೊಂದರ ಬಾಲ ಕತ್ತರಿಸಿದ್ದೆ.

ಡೂಶಿಕ್ ಫ್ಲಾಸ್ಕು ಬಗ್ಗಿಸಿ
‘ಕಾಪಿ, ಟೀಚರ್’ ಎಂದರು.
ಅಂದಿನ ಪಾಠ ಎಫ್ ಅಕ್ಷರ.
ತಿದ್ದಲಿಲ್ಲ, ಕುಡಿದೆ. ನಮ್ಮಜ್ಜಿಯೂ
ಹಾಗೇ ಕರೆಯುತ್ತಿದ್ದಳು ಅದನ್ನು.

ಈಗ ತರಗತಿಯಿಲ್ಲ. ಮಂಡಿನೋವು.
ಹೈ ಸ್ಟ್ರೀಟಿನ ಸ್ಟಾಪಿನಲ್ಲಿ, ಅಕ್ಕಪಕ್ಕ ಯಾರೂ ಇಲ್ಲದಾಗ,
ಗಡಿಯಾರ ನೋಡಿ
ಒಮ್ಮೆ ಜೋರಾಗೇ ಅನ್ನುತ್ತೇನೆ:
ಬಸ್ಸು ಇಜು ಲೇಟು.