ಇತರೆ

ಅರ್ಜಿಯಲ್ಲಿ ಹುದ್ದೆ ಅಂತ ಬರೆದ ಕಡೆ ನಾಲ್ಕು ಚೌಕ:
ಶಿಕ್ಷಕ, ಸಂಶೋಧಕ, ಕಾರ್ಯಕರ್ತ, ಇತರೆ.
ಹದಿನೆಂಟು ವರ್ಷದಿಂದ ನಾನು ಇತರೆ.
ಬ್ಯಾಂಕಿನಲ್ಲಿ, ಪಾಲಿಕೆಯ ಪಾಸಿನಲ್ಲಿ,
ಅತ್ತೆ ನೆಂಟರಿಗೆ ನನ್ನ ಪರಿಚಯ ಹೇಳುವಾಗ:
"ಮಕ್ಕಳನ್ನು ಕೆಸರಿಗೆ ಕರ್ಕೊಂಡು ಹೋಗ್ತಾಳೆ,
ಅದಕ್ಕೆ ದುಡ್ಡೂ ಕೊಡ್ತಾರಂತೆ."
ಪೆನ್ನು ತಾನಾಗಿ ಕೊನೆಯ ಚೌಕಕ್ಕೆ ಇಳಿಯುತ್ತದೆ,
ವಿಕ್ರೋಳಿ ಸ್ಟೇಷನ್ನಿನಲ್ಲಿ ಕಾಲು
ಪೂರ್ವದ ಮೆಟ್ಟಿಲಿಗೆ ಇಳಿದಂತೆ.

ದಾದರಿನ ಹಾಲ್‌ನಲ್ಲಿ ಮೂರು ದಿನದ ತರಬೇತಿ.
ಕಾಯುತ್ತಿರುವ ಭೂಮಿಯ ಸ್ಲೈಡು ಪರದೆಯ ಮೇಲೆ,
ಎಸಿಯ ಚಳಿಗೆ ಸೆರಗು ಹೊದ್ದು ಕೂತ ನಾವು.
ಪಾಧ್ಯೆ ಸರ್ ಕೇಳಿದರು:
ನಿಮ್ಮ ಕೆಲಸವನ್ನು ಅಳೆಯುವುದು ಹೇಗೆ?
ಮಕ್ಕಳಿಗೆ ಮೊದಲೆಷ್ಟು ಗೊತ್ತಿತ್ತು, ಆಮೇಲೆಷ್ಟು ಗೊತ್ತಾಯಿತು,
ಹತ್ತು ವರ್ಷ ಬಿಟ್ಟು ಎಷ್ಟು ಉಳಿಯಿತು?
ಪಕ್ಕದಲ್ಲಿ ಭಾಂಡುಪಿನ ನಫೀಸಾ,
ಹಾವಿನ ಪೊರೆಯನ್ನು ಪರ್ಸಿನಲ್ಲಿಟ್ಟು ತಿರುಗುವವಳು,
ನನ್ನ ಪುಸ್ತಕದ ಅಂಚಿನಲ್ಲಿ ಬರೆದಳು:
ಮೊದಲು ಎರಡೂ ಚಪ್ಪಲಿ ಇತ್ತು,
ಆಮೇಲೆ ಒಂದು ಕಾಲಿನದು ಸಿಗಲಿಲ್ಲ.

ನಕ್ಕೆ. ಆದರೆ ಸುಳ್ಳೇಕೆ, ಆಸೆಯಿತ್ತು ನನಗೂ.
ಎರಡನೇ ಹಂತದ ಪ್ರಮಾಣಪತ್ರ ಬಂದರೆ
ದಿನಗೂಲಿಯ ವೋಚರು ತಪ್ಪಿ ತಿಂಗಳ ಸಂಬಳ,
ಕೊರಳಿಗೆ ಫೋಟೊ ಇರುವ ಕಾರ್ಡು,
ಖಾಡಿಯ ಗೇಟಿನಲ್ಲಿ ವಾಚ್‌ಮನ್ ಯಾರು ನೀವು ಅಂದರೆ
ಎತ್ತಿ ತೋರಿಸಲು ಒಂದು ಪದ.

ಕೊಟ್ಟರು. ಶಾಲು,
ಬೇರಿಗೆ ಪ್ಲಾಸ್ಟಿಕ್ ಬಿಗಿದ ಒಂದು ಸಸಿ,
ಚೌಕಟ್ಟಿನೊಳಗೆ ಸುಗಂಧಿ ಶೇರೆಗರ್.
ನಾನು ಸುಗಂತಿ. ಶೇರಿಗಾರ್.
ಹೋಗಲಿ, ಚಪ್ಪಾಳೆಗೆ ಕಾಗುಣಿತ ಇಲ್ಲ.

ರಾತ್ರಿ ಒಂಬತ್ತೂಕಾಲು. ಕುಕ್ಕರಿನ ಮೂರನೇ ಸೀಟಿಗೆ ಫೋನು.
ಸಾಬಣ್ಣ. ಕನ್ನಡ ಶಾಲೆಯ ಹಳೆಯ ಬ್ಯಾಚು,
ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಮಗ.
ನಿವಟಿ ಕೆಸರಿನ ಮೇಲೆ ತೆವಳುವುದನ್ನು ಕುಕ್ಕುರುಗಾಲಲ್ಲಿ ನೋಡಿ
"ಟೀಚರ್, ನೀ ಮೀನ ಅದೀ ಅಂತ
ಇದಕ್ಕ ಯಾರೂ ಹೇಳಿಲ್ಲೇನ್ರಿ?" ಅಂದವನು.
"ಫೋಟೊ ನೋಡಿದ್ನಿರಿ. ಶಾಲು ಚಂದ ಕಾಣತದ."
ಆಮೇಲೆ, ಎಂಜಿನ್ನಿನ ಸದ್ದಿನ ನಡುವೆ,
"ಇವತ್ತ ರಾತ್ರಿ ಓಹೊಟಿ ಎಷ್ಟಕ್ಕರಿ?"

ಗೊತ್ತು ನನಗೆ. ಡಂಪರ್ ಓಡಿಸುತ್ತಾನೆ.
ಒಡೆದ ಚಾಳುಗಳ ಇಟ್ಟಿಗೆ, ಕಮೋಡು, ದೇವರ ಪಟದ ಟೈಲ್ಸು,
ನೀರಿಳಿದ ಹೊತ್ತು ನೋಡಿ ಕಾಂಡ್ಲಾ ಗಿಡಗಳ ಮೇಲೆ.
ಬೆಳಿಗ್ಗೆ ಆ ಗುಡ್ಡೆಗಳನ್ನು
ಈಗಿನ ಮಕ್ಕಳಿಗೆ ತೋರಿಸುವವಳು ನಾನೇ.
ಬಯ್ಯಬಹುದಿತ್ತು.
ಅವನಿಗೆ ಟ್ರಿಪ್ಪಿಗೆ ಏಳುನೂರು,
ನನಗೆ ದಿನಕ್ಕೆ ಆರುನೂರು.

ಒಂದೂವರೆಗೆ, ಅಂದೆ.
ಹದಿನೆಂಟು ವರ್ಷದಲ್ಲಿ
ಬೇಕೆಂದೇ ಹೇಳಿಕೊಟ್ಟ ಮೊದಲ ತಪ್ಪು.

ಸುಮ್ಮನಾದ. ಬೆರಳು ಮಡಿಸುತ್ತಿದ್ದನೇನೋ.
"ಅಲ್ರಿ ಟೀಚರ್, ನಿನ್ನಿ ಹತ್ತು ಇಪ್ಪತ್ತಕ್ಕ ಇಳದಿತ್ತು.
ದಿನಕ್ಕ ಐವತ್ತು ನಿಮಿಷ ಕೂಡಸ್ರಿ. ಹನ್ನೊಂದು ಹತ್ತು.
ನೀವೇ ಕಲಿಸಿದ್ದು, ಮರತಿರೇನು?"
ನಕ್ಕ. "ಶಾಲು ಹೊದಿಸಿದ್ದಕ್ಕ ತಲಿ ತಿರಗ್ಯದ, ಬಿಡ್ರಿ."

ಸಸಿಯ ಪ್ಲಾಸ್ಟಿಕ್ ಕತ್ತರಿಸುತ್ತ ನೆನಪಾಯಿತು
ತರಬೇತಿಯ ಹಾಳೆಯಲ್ಲಿ ನಾನು ಖಾಲಿ ಬಿಟ್ಟು ಬಂದ ಪ್ರಶ್ನೆ:
ಹತ್ತು ವರ್ಷ ಬಿಟ್ಟು ಎಷ್ಟು ಉಳಿಯಿತು?
ಉಳಿದಿದೆ, ಪಾಧ್ಯೆ ಸರ್.
ನಿಮಿಷದ ಸಮೇತ ಉಳಿದಿದೆ.

ಹತ್ತೂ ನಲವತ್ತಕ್ಕೆ ಕಾರ್ಡು ಕೊರಳಿಗೆ ಹಾಕಿಕೊಂಡೆ,
ಮಂಚದಡಿ ಗಮ್‌ಬೂಟು ತಡಕಿದೆ.
ಒಂದು ಕಾಲಿನದು ಸಿಗಲಿಲ್ಲ.
ಚಪ್ಪಲಿಯಲ್ಲೇ ಮೆಟ್ಟಿಲಿಳಿದೆ.